ಹಬ್ಬದ ಊಟದ ಮನೆವಾಡಿಕೆ: ಅದು ಹುಟ್ಟುವ, ಉಳಿಯುವ ಮತ್ತು ತಪ್ಪಿಹೋಗುವ ಬಗೆ

ನಿಮ್ಮ ಮನೆಯಲ್ಲಿ ಹಬ್ಬದ ಊಟ ಹೇಗಿರುತ್ತದೆ ಎಂದು ಯಾರನ್ನಾದರೂ ಕೇಳಿದರೆ ಮೊದಲು ಸಿಗುವುದು ಅಡುಗೆಗಳ ಪಟ್ಟಿ. ಇನ್ನೂ ಸ್ವಲ್ಪ ಹೊತ್ತು ಕೂತು ವಿಚಾರಿಸಿದರೆ ಮತ್ತೊಂದು ಪಟ್ಟಿ ನಿಧಾನವಾಗಿ ಹೊರಬರುತ್ತದೆ: ಹಿಂದಿನ ರಾತ್ರಿಯೇ ದೊಡ್ಡ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ತೊಳೆದಿಡುವವರು ಯಾರು, ಉಪ್ಪು ಖಾರ ನೋಡಿ ‘ಸಾಕು’ ಎನ್ನುವ ಅಧಿಕಾರ ಯಾರದು, ಮೊದಲು ಬಡಿಸುವುದು ಯಾರಿಗೆ, ಕಿಟಕಿಯ ಪಕ್ಕದ ಜಾಗದಲ್ಲಿ ಯಾರು ಕೂರುತ್ತಾರೆ, ಬರಲಾಗದವರ ಪಾಲನ್ನು ಯಾವ ಡಬ್ಬಿಯಲ್ಲಿ ತೆಗೆದಿಡುತ್ತಾರೆ, ಊಟವಾದ ಮೇಲೆ ಪ್ರತಿ ಸಲವೂ ಅದೇ ಹಳೆಯ ಘಟನೆಯನ್ನು ಹೇಳುವವರು ಯಾರು. ಈ ಎರಡನೆಯ ಪಟ್ಟಿಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ, ಆದರೂ ಅದರಲ್ಲಿ ಒಂದು ಅಂಶ ತಪ್ಪಿದರೆ ಮನೆಯ ಚಿಕ್ಕ ಮಗುವೂ ‘ಈ ಸಲ ಸರಿಯಾಗಲಿಲ್ಲ’ ಎನ್ನುತ್ತದೆ. ಅಡುಗೆ ರುಚಿಯಾಗಿಯೇ ಇದ್ದು, ಬಂದವರೆಲ್ಲ ಹೊಟ್ಟೆತುಂಬ ಉಂಡಿದ್ದರೂ ಏನೋ ತಪ್ಪಿದೆ ಎಂಬ ಈ ಅನಿಸಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಮನೆವಾಡಿಕೆ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಕುಟುಂಬದೊಳಗಿನ ಇಂತಹ ಆಚರಣೆಗಳನ್ನು ಪ್ರತ್ಯೇಕ ಅಧ್ಯಯನದ ವಿಷಯವಾಗಿ ಎತ್ತಿಕೊಂಡ ಮೊದಲಿಗರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜೇಮ್ಸ್ ಬೊಸಾರ್ಡ್ ಮತ್ತು ಎಲಿನರ್ ಬಾಲ್ ಪ್ರಮುಖರು. ಅವರ ಕೃತಿ 1950ರಲ್ಲಿ ಪ್ರಕಟವಾಯಿತು. ಮೂರು ದಶಕಗಳ ನಂತರ, 1984ರಲ್ಲಿ, ಮನೋವೈದ್ಯ ಸ್ಟೀವನ್ ವೋಲಿನ್ ಮತ್ತು ಮಾನವಶಾಸ್ತ್ರಜ್ಞೆ ಲಿಂಡಾ ಬೆನೆಟ್ ಈ ಆಚರಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಇಡೀ ಸಮಾಜ ಒಟ್ಟಾಗಿ ಆಚರಿಸುವ ಹಬ್ಬಗಳು ಒಂದು ಬಗೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕ ದಿನ, ಬಂಧುಗಳ ಕೂಟ ಮುಂತಾದ, ಆಯಾ ಕುಟುಂಬಕ್ಕಷ್ಟೇ ಸೇರಿದ ಸಂದರ್ಭಗಳು ಇನ್ನೊಂದು. ರಾತ್ರಿಯ ಊಟ, ಮಕ್ಕಳನ್ನು ಮಲಗಿಸುವ ಹೊತ್ತು, ಅತಿಥಿಗಳನ್ನು ಬರಮಾಡಿಕೊಳ್ಳುವ ರೀತಿ ಮುಂತಾಗಿ ದಿನನಿತ್ಯ ನಡೆಯುವ ರೂಢಿಗಳು ಮೂರನೆಯದು. ಹಬ್ಬದ ಊಟ ಈ ಮೂರೂ ಕೂಡುವ ಜಾಗದಲ್ಲಿದೆ ಎಂಬುದೇ ಅದರ ವಿಶೇಷ. ದಿನವನ್ನು ಸಮಾಜ ಗೊತ್ತುಮಾಡುತ್ತದೆ, ಅಡುಗೆಯ ಸ್ಥೂಲ ರೂಪವನ್ನೂ ಸಮಾಜವೇ ಕೊಡುತ್ತದೆ, ಆದರೆ ಒಳಗಿನ ವಿವರಗಳೆಲ್ಲ ಆ ಮನೆಯವು ಮಾತ್ರ. ಯಾರು ಎಲ್ಲಿ ಕೂರುತ್ತಾರೆ, ಯಾರು ಬಡಿಸುತ್ತಾರೆ ಎಂಬ ಕ್ರಮವೋ ನಿತ್ಯದ ಊಟದಿಂದಲೇ ಬಂದಿರುತ್ತದೆ. ಒಂದೇ ಹಬ್ಬವನ್ನು ಒಂದೇ ಬೀದಿಯ ಎರಡು ಮನೆಗಳು ಆಚರಿಸುವಾಗಲೂ ಎರಡೂ ಊಟಗಳು ಬೇರೆಯಾಗಿ ಕಾಣುವುದು ಈ ಕಾರಣಕ್ಕೆ.

ಇಲ್ಲಿ ದಿನಚರಿಗೂ ಆಚರಣೆಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಬಾರ್ಬರಾ ಫೀಸೆ ಮತ್ತು ಸಂಗಡಿಗರು ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ. ದಿನಚರಿಯಲ್ಲಿ ನಡೆಯುವ ಮಾತು ‘ಏನು ಆಗಬೇಕಾಗಿದೆ’ ಎಂಬುದರ ಬಗ್ಗೆ. ಕೆಲಸ ಮುಗಿದ ಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಆಚರಣೆಯಲ್ಲಿ ಕೆಲಸದ ಜೊತೆಗೆ ‘ನಾವು ಯಾರು’ ಎಂಬ ಸೂಚನೆಯೂ ಸೇರಿರುತ್ತದೆ. ಅದು ಮುಗಿದ ಮೇಲೂ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಅಟ್ಟದಿಂದ ಪಾತ್ರೆ ಇಳಿಸುವುದು ಹೊರಗಿನವರ ಕಣ್ಣಿಗೆ ಬರೀ ದಿನಚರಿ. ಆದರೆ ಆ ಪಾತ್ರೆಯನ್ನು ಅಜ್ಜ ಇಳಿಸುತ್ತಿದ್ದರು, ಅನಂತರ ಅಪ್ಪ, ಈಗ ಎಟುಕುವಷ್ಟು ಎತ್ತರಕ್ಕೆ ಬೆಳೆದ ಮಗ ಎಂದಾದಾಗ ಅದೇ ಕೆಲಸ ಆಚರಣೆಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಈ ಬದಲಾವಣೆ ಕಾಣುವುದಿಲ್ಲ, ಮನೆಯವರಿಗೂ ಎಷ್ಟೋ ಸಲ ಅದು ಗೊತ್ತಾಗುವುದು ಆ ಕೆಲಸ ನಿಂತುಹೋದಾಗ.

ಮಕ್ಕಳು ವಾಡಿಕೆಯನ್ನು ಕಲಿಯುವ ಬಗೆ

ವಾಡಿಕೆ ಮುಂದಿನ ತಲೆಮಾರಿಗೆ ದಾಟುವುದು ಉಪದೇಶದಿಂದಲ್ಲ, ಅನುಕರಣೆಯಿಂದ. ಮನುಷ್ಯರ ಮಕ್ಕಳು ಎಷ್ಟರಮಟ್ಟಿಗೆ ಅನುಕರಿಸುತ್ತವೆ ಎಂಬುದನ್ನು ತೋರಿಸಿದ ಒಂದು ಪ್ರಯೋಗವನ್ನು ಇಲ್ಲಿ ವಿವರವಾಗಿ ಹೇಳುವುದು ಅಗತ್ಯ. ವಿಕ್ಟೋರಿಯಾ ಹಾರ್ನರ್ ಮತ್ತು ಆ್ಯಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಒಂದು ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ತೂತು, ಮುಂಭಾಗದಲ್ಲಿ ಒಂದು ಚಿಕ್ಕ ಬಾಗಿಲು, ಒಳಗೆ ಬಹುಮಾನ. ತೋರಿಸಿಕೊಡುವವರು ಮೊದಲು ಮೇಲಿನ ತೂತಿನಲ್ಲಿ ಕಡ್ಡಿ ತೂರಿಸಿ ಕುಟ್ಟುತ್ತಿದ್ದರು, ಆಮೇಲೆ ಮುಂದಿನ ಬಾಗಿಲು ತೆರೆದು ಬಹುಮಾನ ತೆಗೆಯುತ್ತಿದ್ದರು. ಒಳಗೆ ಒಂದು ಅಡ್ಡಪಟ್ಟಿ ಇದ್ದುದರಿಂದ ಮೇಲಿನಿಂದ ಕುಟ್ಟುವುದಕ್ಕೂ ಬಹುಮಾನಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪೆಟ್ಟಿಗೆ ಕಪ್ಪು ಬಣ್ಣದ್ದಾಗಿ ಒಳಗೇನೂ ಕಾಣದಿದ್ದಾಗ ಚಿಂಪಾಂಜಿಗಳೂ ಮಕ್ಕಳೂ ಎರಡೂ ಹಂತಗಳನ್ನು ಅನುಕರಿಸಿದರು. ಅದೇ ಬಗೆಯ ಪಾರದರ್ಶಕ ಪೆಟ್ಟಿಗೆಯನ್ನು ಕೊಟ್ಟಾಗ ಚಿಂಪಾಂಜಿಗಳು ಮೇಲಿನ ಕುಟ್ಟುವಿಕೆ ವ್ಯರ್ಥವೆಂದು ಕಂಡು ಅದನ್ನು ಬಹುಮಟ್ಟಿಗೆ ಕೈಬಿಟ್ಟು ನೇರವಾಗಿ ಬಾಗಿಲಿಗೆ ಕೈಹಾಕಿದವು. ಮೂರು ನಾಲ್ಕು ವರ್ಷದ ಮಕ್ಕಳು ಮಾತ್ರ, ಅಡ್ಡಪಟ್ಟಿ ಕಣ್ಣಿಗೆ ಕಾಣುತ್ತಿದ್ದರೂ, ತೋರಿಸಿಕೊಟ್ಟವರು ಮಾಡಿದಂತೆಯೇ ಕುಟ್ಟಿದ ನಂತರವೇ ಬಾಗಿಲು ತೆರೆದರು.

ಮೇಲ್ನೋಟಕ್ಕೆ ಇದು ಮಕ್ಕಳ ಪೆದ್ದುತನದಂತೆ ಕಾಣಬಹುದು. ನನ್ನ ತಿಳುವಳಿಕೆಯಲ್ಲಿ ಇದು ಮನುಷ್ಯ ಸಂಸ್ಕೃತಿಯ ಬುನಾದಿಗಳಲ್ಲಿ ಒಂದು. ಯಾವ ಹಂತ ಅಗತ್ಯ, ಯಾವುದು ಅನಗತ್ಯ ಎಂಬುದು ಎಲ್ಲ ಕೆಲಸಗಳಲ್ಲಿಯೂ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಿರಿಯರು ಮಾಡಿದ್ದೆಲ್ಲವನ್ನೂ ಹಾಗೆಯೇ ಮಾಡುವ ಮಗು ಕಾರಣ ತಿಳಿಯುವುದಕ್ಕಿಂತ ಮೊದಲೇ ಕೌಶಲವನ್ನು ಪಡೆಯುತ್ತದೆ. ಹಬ್ಬದ ಅಡುಗೆಮನೆಯಲ್ಲಿ ನಿಂತ ಮಗುವಿಗೂ ಇದೇ ಆಗುತ್ತದೆ. ಅಜ್ಜಿ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿ ಕೆಳಗಿಟ್ಟರೆ, ಮಗುವಿನ ಲೆಕ್ಕದಲ್ಲಿ ಆ ತಟ್ಟುವಿಕೆಯೂ ಅಡುಗೆಯ ಭಾಗ. ಮೂವತ್ತು ವರ್ಷಗಳ ನಂತರ ಬೇರೊಂದು ಊರಿನ ಅಡುಗೆಮನೆಯಲ್ಲಿ ಅದೇ ವ್ಯಕ್ತಿ ಸೌಟನ್ನು ಎರಡು ಸಲ ತಟ್ಟುತ್ತಾಳೆ, ಏಕೆ ಎಂದು ಕೇಳಿದರೆ ‘ನಮ್ಮಲ್ಲಿ ಹಾಗೆಯೇ’ ಎನ್ನುತ್ತಾಳೆ. ‘ನಮ್ಮಲ್ಲಿ ಹಾಗೆಯೇ’ ಎಂಬುದು ಕಾರಣ ಗೊತ್ತಿಲ್ಲವೆಂಬ ಒಪ್ಪಿಗೆಯೂ ಹೌದು, ತಾನು ಯಾರ ಮನೆಯವಳು ಎಂಬ ಗುರುತೂ ಹೌದು.

ಇನ್ನೊಂದು ಸಂಗತಿಯನ್ನು ಇದಕ್ಕೆ ಸೇರಿಸಬೇಕು. ಮಗುವಿನ ಕಾಲಗಣನೆ ಅದರ ನೆನಪಿನಷ್ಟೇ ಉದ್ದ. ಐದನೆಯ, ಆರನೆಯ, ಏಳನೆಯ ವಯಸ್ಸಿನಲ್ಲಿ ಮೂರು ಸಲ ಒಂದೇ ರೀತಿ ನಡೆದ ಊಟ ಆ ಮಗುವಿಗೆ ‘ಯಾವಾಗಲೂ’ ನಡೆಯುತ್ತಿದ್ದ ಊಟ. ಎಷ್ಟೋ ಮನೆಗಳಲ್ಲಿ ಅನಾದಿಯಿಂದ ಬಂದದ್ದೆಂದು ನಂಬಿರುವ ಕ್ರಮವೊಂದು ಯಾವುದೋ ಒಂದು ವರ್ಷದ ಅನಿವಾರ್ಯದಿಂದ ಹುಟ್ಟಿದ್ದಾಗಿರಬಹುದು: ಆ ವರ್ಷ ಜನ ಹೆಚ್ಚಾಗಿ ಜಾಗ ಸಾಲದೆ ಮಕ್ಕಳಿಗೆಲ್ಲ ಒಳಕೋಣೆಯಲ್ಲಿ ಬಡಿಸಿದರು, ಮಕ್ಕಳಿಗೆ ಅದೇ ಇಷ್ಟವಾಯಿತು, ಮುಂದಿನ ವರ್ಷ ಅವರೇ ಹಟ ಹಿಡಿದರು, ಅಲ್ಲಿಗೆ ವಾಡಿಕೆ ನಿಂತಿತು. ಇದರಿಂದ ವಾಡಿಕೆಯ ಬೆಲೆ ಕಡಿಮೆಯಾಗುವುದಿಲ್ಲ. ಎಷ್ಟು ಹಳೆಯದು ಎಂಬುದಕ್ಕಿಂತ ಎಷ್ಟು ಸಲ, ಯಾರೊಡನೆ ನಡೆಯಿತು ಎಂಬುದೇ ಅದರ ಜೀವಾಳ.

ರುಚಿಯ ಕಲಿಕೆ ಇದಕ್ಕೂ ಮೊದಲೇ ಆರಂಭವಾಗುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ತಾಯಂದಿರು ಗರ್ಭದ ಕೊನೆಯ ಮೂರು ತಿಂಗಳ ಅವಧಿಯಲ್ಲಿ, ಇನ್ನು ಕೆಲವರು ಹಾಲೂಡಿಸುವ ಮೊದಲ ಎರಡು ತಿಂಗಳಲ್ಲಿ, ಮೂರು ವಾರಗಳ ಕಾಲ ವಾರಕ್ಕೆ ನಾಲ್ಕು ದಿನ ಕ್ಯಾರೆಟ್ ರಸ ಕುಡಿದರು. ಆ ಶಿಶುಗಳಿಗೆ ಮುಂದೆ ಕ್ಯಾರೆಟ್ ಬೆರೆಸಿದ ಆಹಾರ ಕೊಟ್ಟಾಗ, ತಾಯಂದಿರು ಬರೀ ನೀರು ಕುಡಿದಿದ್ದ ಶಿಶುಗಳಿಗಿಂತ ಅವು ಮುಖ ಸಿಂಡರಿಸಿದ್ದು ಕಡಿಮೆ. ತಾಯಿ ಉಂಡ ಆಹಾರದ ಪರಿಮಳದ ಅಂಶಗಳು ಗರ್ಭಜಲಕ್ಕೂ ಎದೆಹಾಲಿಗೂ ಸೇರುತ್ತವೆ. ಅಂದರೆ ಮನೆಯ ಅಡುಗೆಯ ಪರಿಚಯ ಮಗುವಿಗೆ ಮೊದಲ ತುತ್ತಿಗಿಂತ ಮೊದಲೇ ಆಗಿರುತ್ತದೆ.

ವಾಸನೆಗೆ ನೆನಪಿನೊಡನೆ ಇರುವ ನಂಟೂ ಸಾಮಾನ್ಯದ್ದಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ನಾಲಗೆಯದಲ್ಲ, ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳದ್ದು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಅದಕ್ಕೇ. ನೋಟ, ಶಬ್ದ, ಸ್ಪರ್ಶಗಳ ಸಂದೇಶಗಳು ಮಿದುಳಿನ ಹೊರಪದರವನ್ನು ತಲುಪುವ ಮೊದಲು ಥಾಲಮಸ್ ಎಂಬ ನಡುಮನೆಯನ್ನು ಹಾದುಹೋಗುತ್ತವೆ. ವಾಸನೆಯ ಸಂದೇಶ ಆ ದಾರಿಯನ್ನು ಬಿಟ್ಟು, ಭಾವನೆಗೆ ಸಂಬಂಧಿಸಿದ ಅಮಿಗ್ಡಲವನ್ನೂ ನೆನಪಿಗೆ ಸಂಬಂಧಿಸಿದ ಭಾಗಗಳನ್ನೂ ಬಹಳ ಹತ್ತಿರದಿಂದ ಮುಟ್ಟುತ್ತದೆ. ಸ್ವೀಡನ್ನಿನ ಯೋಹಾನ್ ವಿಲಾಂಡರ್ ಮತ್ತು ಮಾರಿಯಾ ಲಾರ್ಸನ್ 2006ರಲ್ಲಿ ವಯಸ್ಸಾದವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಪದ ಅಥವಾ ಚಿತ್ರ ತೋರಿಸಿದಾಗ ಬಂದ ನೆನಪುಗಳು ಹೆಚ್ಚಾಗಿ ಹತ್ತರಿಂದ ಇಪ್ಪತ್ತರ ವಯಸ್ಸಿನವಾಗಿದ್ದರೆ, ವಾಸನೆ ತೋರಿಸಿದಾಗ ಬಂದವು ಹತ್ತು ವರ್ಷಕ್ಕಿಂತ ಕೆಳಗಿನವಾಗಿದ್ದವು. ವರ್ಷಕ್ಕೊಮ್ಮೆ ಮಾತ್ರ ಮಾಡುವ ಅಡುಗೆಯ ಘಮ ಏಕೆ ಅಷ್ಟು ಗಟ್ಟಿಯಾಗಿ ಒಂದು ದಿನಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ಊಹಿಸಬಹುದು: ದಿನವೂ ಮೂಗಿಗೆ ಬಡಿಯುವ ವಾಸನೆ ನೂರು ನೆನಪುಗಳಿಗೆ ಹಂಚಿಹೋಗುತ್ತದೆ, ಅಪರೂಪದ್ದು ಒಂದೇ ಸಂದರ್ಭಕ್ಕೆ ಕಟ್ಟುಬೀಳುತ್ತದೆ. ಅಪರೂಪದ ಅಡುಗೆಯನ್ನು ವರ್ಷವಿಡೀ ಮಾಡತೊಡಗಿದ ಮನೆಗಳಲ್ಲಿ ಹಬ್ಬದ ದಿನದ ಕಳೆ ಸ್ವಲ್ಪ ಮಾಸುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

ಮಾಡಿದವರಿಗೆ ರುಚಿ, ನೋಡಿದವರಿಗಲ್ಲ

ಆಚರಣೆ ಊಟದ ರುಚಿಯನ್ನು ನಿಜವಾಗಿಯೂ ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ನೇರವಾಗಿ ಪರೀಕ್ಷಿಸಿದರು. ಕೆಲವರಿಗೆ ಚಾಕೊಲೇಟನ್ನು ತಮಗೆ ತೋಚಿದಂತೆ ತಿನ್ನಲು ಹೇಳಿದರು. ಇನ್ನು ಕೆಲವರಿಗೆ, ಹೊದಿಕೆ ಬಿಚ್ಚದೆಯೇ ಅದನ್ನು ನಡುವೆ ಮುರಿದು, ಒಂದು ಅರ್ಧದ ಹೊದಿಕೆ ಬಿಚ್ಚಿ ತಿಂದು, ಆಮೇಲೆ ಇನ್ನೊಂದು ಅರ್ಧವನ್ನು ಬಿಚ್ಚಿ ತಿನ್ನಲು ಹೇಳಿದರು. ಕ್ರಮವನ್ನು ಅನುಸರಿಸಿದವರು ಚಾಕೊಲೇಟ್ ಹೆಚ್ಚು ರುಚಿಯಾಗಿತ್ತೆಂದರು, ಅದನ್ನು ಹೆಚ್ಚು ಹೊತ್ತು ಸವಿದರು. ಯಾವ ಅರ್ಥವೂ ಇಲ್ಲದ, ಆ ಕ್ಷಣಕ್ಕೆ ಕಟ್ಟಿದ ಕ್ರಮವೊಂದು ಇಷ್ಟು ಮಾಡುವುದಾದರೆ, ಬಾಲ್ಯದಿಂದ ಬಂದ ಕ್ರಮ ಏನು ಮಾಡೀತು ಎಂದು ಯೋಚಿಸಬೇಕು. ಆದರೆ ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು ಭಾಗ. ಪಾನಕವನ್ನು ಒಂದು ಕ್ರಮದಂತೆ ಬೆರೆಸುವ ಪ್ರಯೋಗದಲ್ಲಿ, ತಾವೇ ಬೆರೆಸಿದವರಿಗೆ ಅದು ಹೆಚ್ಚು ಹಿಡಿಸಿತು. ಬೇರೆಯವರು ಅದೇ ಕ್ರಮದಲ್ಲಿ ಬೆರೆಸುವುದನ್ನು ನೋಡುತ್ತ ಕೂತವರಿಗೆ ಆ ಲಾಭ ಸಿಗಲಿಲ್ಲ. ಕ್ರಮವನ್ನು ಕಾಣುವುದು ಸಾಲದು, ಅದರಲ್ಲಿ ಕೈಯಿರಬೇಕು.

ಈ ಒಂದು ಸಂಗತಿಯನ್ನು ಹಿಡಿದುಕೊಂಡು ಹಬ್ಬದ ಅಡುಗೆಮನೆಯನ್ನು ನೋಡಿದರೆ ಎಷ್ಟೋ ವಿಷಯಗಳು ಬೇರೆಯಾಗಿ ಕಾಣುತ್ತವೆ. ‘ನೀನು ಅಡ್ಡ ಬರಬೇಡ, ಆಚೆ ಹೋಗಿ ಕೂತುಕೋ, ಆದ ಮೇಲೆ ಕರೆಯುತ್ತೇನೆ’ ಎಂದು ಪ್ರೀತಿಯಿಂದ ಹೇಳುವ ತಾಯಿ ತನಗೆ ಗೊತ್ತಿಲ್ಲದೆಯೇ ಮಗುವನ್ನು ಊಟದ ಅರ್ಧಭಾಗದಿಂದ ಹೊರಗಿಡುತ್ತಾಳೆ. ಮೂರು ವರ್ಷದ ಮಗುವಿಗೆ ಚಮಚಗಳನ್ನು ಎಣಿಸಿ ಜೋಡಿಸುವ ಕೆಲಸ ಕೊಟ್ಟರೆ ಸಮಯ ಉಳಿಯುವುದಿಲ್ಲ, ಇನ್ನೂ ಹತ್ತು ನಿಮಿಷ ಹೆಚ್ಚೇ ಹಿಡಿಯುತ್ತದೆ. ಆದರೆ ಆ ಮಗು ಊಟಕ್ಕೆ ಕೂರುವುದು ಅತಿಥಿಯಾಗಿ ಅಲ್ಲ.

ಜೊತೆಯಾಗಿ ಉಣ್ಣುವುದೂ ಅನುಭವವನ್ನು ಬದಲಿಸುತ್ತದೆ. ಯೇಲ್ ವಿಶ್ವವಿದ್ಯಾಲಯದ ಎರಿಕಾ ಬೂತ್‌ಬಿ ಮತ್ತು ಸಂಗಡಿಗರ 2014ರ ಪ್ರಯೋಗಗಳಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಅದೇ ಸಮಯದಲ್ಲಿ ಅದೇ ಚಾಕೊಲೇಟನ್ನು ತಿನ್ನುತ್ತಿದ್ದಾಗ, ಪರಸ್ಪರ ಒಂದು ಮಾತೂ ಆಡದಿದ್ದರೂ, ಸಿಹಿಯಾದದ್ದು ಇನ್ನೂ ಹಿತವೆನಿಸಿತು. ಕಹಿಯಾದದ್ದು ಇನ್ನೂ ಅಹಿತವೆನಿಸಿತು. ಹಂಚಿಕೊಂಡದ್ದು ಎರಡು ದಿಕ್ಕಿನಲ್ಲೂ ಹೆಚ್ಚುತ್ತದೆ. ಮನೆಮಂದಿ ಎಲ್ಲ ಕೂಡಿದ ದಿನದ ಸಂತೋಷ ಬೇರೆ ದಿನಗಳಿಗಿಂತ ಹೆಚ್ಚಾಗಿರುವಂತೆಯೇ ಆ ದಿನ ಆಡಿದ ಒಂದು ಬಿರುಸಿನ ಮಾತು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುವುದನ್ನು ಕಂಡವರಿಗೆ ಈ ಫಲಿತಾಂಶ ಅಚ್ಚರಿ ತರಲಾರದು. ಊಟದ ಪ್ರಮಾಣವೂ ಹೆಚ್ಚುತ್ತದೆ: ಜಾನ್ ಡಿ ಕ್ಯಾಸ್ಟ್ರೋ 1980ರ ದಶಕದ ಕೊನೆಯಲ್ಲಿ ಜನರು ತಮ್ಮ ಊಟದ ಬಗ್ಗೆ ಬರೆದಿಟ್ಟ ಡೈರಿಗಳನ್ನು ಪರಿಶೀಲಿಸಿದಾಗ, ಇತರರೊಂದಿಗೆ ಮಾಡಿದ ಊಟ ಒಬ್ಬರೇ ಮಾಡಿದ ಊಟಕ್ಕಿಂತ ಸರಾಸರಿ ಶೇ. 44ರಷ್ಟು ದೊಡ್ಡದಾಗಿತ್ತು.

ಕಾಣದ ಕೆಲಸ ಮತ್ತು ಅದನ್ನು ಹೊತ್ತವರು

ಹಬ್ಬದ ಊಟ ತಾನಾಗಿ ಕೂಡಿಬರುವುದಿಲ್ಲ. ಯಾರಿಗೆ ಯಾವಾಗ ರಜೆ ಎಂದು ತಿಂಗಳ ಮೊದಲೇ ವಿಚಾರಿಸಿ, ಮುನಿಸಿಕೊಂಡ ಇಬ್ಬರನ್ನು ಬೇರೆ ಬೇರೆಯಾಗಿ ಮಾತನಾಡಿಸಿ ಬರುವಂತೆ ಮಾಡಿ, ಯಾರಿಗೆ ಸಕ್ಕರೆ ಆಗದು, ಯಾರಿಗೆ ಖಾರ ಆಗದು ಎಂದು ನೆನಪಿಟ್ಟು, ಹಿಂದಿನ ಸಲ ಯಾವುದು ಸಾಲದೆ ಹೋಯಿತು ಎಂದು ಲೆಕ್ಕ ಹಾಕಿ, ಮಲಗಲು ಹಾಸಿಗೆಗಳನ್ನು ಹೊಂದಿಸಿ, ಎಲ್ಲರೂ ಕೂತ ಮೇಲೆ ತಾನು ಕೊನೆಗೆ ಕೂರುವ ಒಬ್ಬರು ಪ್ರತಿ ಕುಟುಂಬದಲ್ಲಿಯೂ ಇರುತ್ತಾರೆ. ಮಾನವಶಾಸ್ತ್ರಜ್ಞೆ ಮೈಕೇಲಾ ಡಿ ಲಿಯೊನಾರ್ಡೊ 1987ರಲ್ಲಿ ಈ ದುಡಿಮೆಗೆ ‘ನಂಟಿನ ಕೆಲಸ’ ಎಂಬರ್ಥದ ಹೆಸರು ಕೊಟ್ಟರು. ಕ್ಯಾಲಿಫೋರ್ನಿಯಾದ ಇಟಲಿ ಮೂಲದ ಕುಟುಂಬಗಳ ನಡುವೆ ಅವರು ಮಾಡಿದ ಅಧ್ಯಯನದಲ್ಲಿ, ಪತ್ರ ಬರೆಯುವುದು, ಫೋನ್ ಮಾಡುವುದು, ಉಡುಗೊರೆ ಕಳಿಸುವುದು, ಹಬ್ಬದ ಕೂಟಗಳನ್ನು ಏರ್ಪಡಿಸುವುದು ಇವೆಲ್ಲ ಬಹುತೇಕ ಹೆಂಗಸರ ಪಾಲಿಗೆ ಬಂದಿದ್ದವು. ತಾಯಿ ತೀರಿಕೊಂಡಾಗ ಅಥವಾ ದಂಪತಿ ಬೇರೆಯಾದಾಗ ಆ ಕೆಲಸ ಯಾರೂ ಮಾಡದೆ ಹಾಗೆಯೇ ಉಳಿದುಬಿಡುತ್ತಿತ್ತು. ಮನೆಗೆ ಮತ್ತೊಬ್ಬ ಹೆಣ್ಣು ಬಂದ ಮೇಲೆ ಹರಿದ ನಂಟುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು.

ಈ ಸಂಗತಿಯನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ‘ಅಜ್ಜಿ ಹೋದ ಮೇಲೆ ಎಲ್ಲರೂ ಸೇರುವುದೇ ನಿಂತುಹೋಯಿತು’ ಎಂಬ ಮಾತನ್ನು ಕೇಳದವರಿಲ್ಲ. ಅದನ್ನು ಹೇಳುವಾಗ ಪ್ರೀತಿ ಕಡಿಮೆಯಾಯಿತು, ಕಾಲ ಕೆಟ್ಟಿತು ಎಂದು ಕಾರಣ ಕೊಡುತ್ತೇವೆ. ನನ್ನ ಮಟ್ಟಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅಷ್ಟು ದೊಡ್ಡದಲ್ಲ: ಒಬ್ಬರು ಮಾಡುತ್ತಿದ್ದ ಐವತ್ತು ಸಣ್ಣ ಕೆಲಸಗಳನ್ನು ಯಾರೂ ಎತ್ತಿಕೊಳ್ಳಲಿಲ್ಲ, ಏಕೆಂದರೆ ಅವು ಕೆಲಸಗಳೆಂದೇ ಯಾರಿಗೂ ತಿಳಿದಿರಲಿಲ್ಲ. ಅಡುಗೆಯನ್ನು ಹೊರಗಿನಿಂದ ತರಿಸಿದರೂ ಕೂಟ ನಡೆಯುತ್ತದೆ. ‘ನೀನು ಬರಲೇಬೇಕು’ ಎಂದು ಒಬ್ಬೊಬ್ಬರಿಗೂ ಫೋನ್ ಮಾಡುವವರು ಇಲ್ಲದಿದ್ದರೆ ನಡೆಯುವುದಿಲ್ಲ. ಒಬ್ಬರೇ ಎಲ್ಲವನ್ನೂ ಹೊತ್ತ ಮನೆಯಲ್ಲಿ ವಾಡಿಕೆಯ ಆಯುಷ್ಯ ಆ ಒಬ್ಬರ ಆರೋಗ್ಯದಷ್ಟೇ. ದಣಿದ ಆ ಒಬ್ಬರು ‘ಈ ವರ್ಷ ಬೇಡ’ ಎಂದಾಗ ಉಳಿದವರಿಗೆ ಆಗುವ ಬೇಸರದ ಹಿಂದೆ ಎಷ್ಟು ವರ್ಷಗಳ ಹಂಚಿಕೊಳ್ಳದ ದುಡಿಮೆ ಇದೆ ಎಂಬುದನ್ನೂ ನೋಡಬೇಕಾಗುತ್ತದೆ.

ಈ ದುಡಿಮೆ ಅಷ್ಟು ಬೆಲೆಬಾಳುವುದೇ ಎಂದು ಕೇಳುವವರಿಗೆ ವೋಲಿನ್ ಮತ್ತು ಬೆನೆಟ್ ಅವರ ಹಳೆಯ ಅಧ್ಯಯನವೊಂದು ಉತ್ತರ ಕೊಡುತ್ತದೆ. 1980ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅವರೂ ಸಂಗಡಿಗರೂ ತಂದೆ ಅಥವಾ ತಾಯಿ ಮದ್ಯವ್ಯಸನಿಯಾಗಿದ್ದ 25 ಕುಟುಂಬಗಳನ್ನು ನೋಡಿದರು. ಕುಡಿತ ತೀವ್ರವಾಗಿದ್ದ ವರ್ಷಗಳಲ್ಲಿ ಹಬ್ಬ, ನಿತ್ಯದ ಊಟ ಮುಂತಾದ ಆಚರಣೆಗಳಿಗೆ ಏನಾಯಿತು ಎಂಬುದು ಅವರ ಪ್ರಶ್ನೆ. ಆಚರಣೆಗಳು ಕುಡಿತಕ್ಕೆ ಬಲಿಯಾಗಿ ಕೆಟ್ಟುಹೋದ ಮನೆಗಳಲ್ಲಿ ಮಕ್ಕಳಿಗೂ ವ್ಯಸನ ದಾಟುವುದು ಹೆಚ್ಚಾಗಿ ಕಂಡಿತು. ಅವನ್ನು ಹೇಗೋ ಕಾಪಾಡಿಕೊಂಡ ಮನೆಗಳಲ್ಲಿ ಕಡಿಮೆ. ಇಪ್ಪತ್ತೈದು ಕುಟುಂಬಗಳು ಚಿಕ್ಕ ಸಂಖ್ಯೆ, ಒಟ್ಟಿಗೆ ಕಾಣುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೇ ಆಗಿರಬೇಕೆಂದಿಲ್ಲ, ಊಟವೊಂದೇ ಮಕ್ಕಳನ್ನು ಉಳಿಸಿತು ಎನ್ನಲಾಗದು. ಆದರೂ ಮನೆಯೊಳಗೆ ಎಲ್ಲವೂ ಕುಸಿಯುತ್ತಿದ್ದಾಗ ಹಬ್ಬದ ದಿನ ಇದ್ದುದರಲ್ಲಿಯೇ ಊಟ ಸಿದ್ಧಮಾಡಿ ಮಕ್ಕಳನ್ನು ಸುತ್ತ ಕೂರಿಸಿಕೊಂಡವರು ಮಾಡಿದ್ದು ಸಣ್ಣ ಕೆಲಸವಲ್ಲ ಎಂದು ನಾನು ಖಂಡಿತ ನಂಬುತ್ತೇನೆ.

ಬದಲಾವಣೆ ಏಕೆ ನೋಯಿಸುತ್ತದೆ

ವಾಡಿಕೆಯಲ್ಲಿ ಚಿಕ್ಕ ಬದಲಾವಣೆ ಮಾಡಿದರೂ ಜಗಳವಾಗುವುದೇಕೆ ಎಂಬುದನ್ನು ಡೇನಿಯಲ್ ಸ್ಟೈನ್, ಜೂಲಿಯಾನಾ ಶ್ರೋಡರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಹಬ್ಬದ ದಿನವನ್ನು ಒಂದು ವಾರ ಆಚೀಚೆ ಮಾಡಿದರೆ ಹೇಗನಿಸುತ್ತದೆ ಎಂಬಂತಹ ಪ್ರಶ್ನೆಗಳನ್ನು ಕೇಳಿದಾಗ, ಯಾವ ಹಬ್ಬ ಜನರಿಗೆ ಹೆಚ್ಚು ಆಚರಣಾತ್ಮಕವೆನಿಸಿತ್ತೋ ಅದನ್ನು ಬದಲಿಸುವುದರ ಬಗ್ಗೆ ಸಿಟ್ಟೂ ಹೆಚ್ಚಾಗಿತ್ತು. ಆ ಸಿಟ್ಟು ಅನನುಕೂಲದ ಸಿಟ್ಟಲ್ಲ, ಅನ್ಯಾಯವಾಯಿತೆಂಬ ಬಗೆಯದು. ಆಚರಣೆ ಒಂದು ಗುಂಪಿನ ಮೌಲ್ಯಗಳ ಸಂಕೇತವಾಗಿರುವುದರಿಂದ ಅದನ್ನು ಮುಟ್ಟಿದವರು ಗುಂಪನ್ನೇ ಅಲಕ್ಷಿಸಿದಂತೆ ಕಾಣುತ್ತಾರೆ ಎಂಬುದು ಅವರ ವಿವರಣೆ.

ಮದುವೆಯಾಗಿ ಎರಡು ಮನೆಗಳ ನೆನಪುಗಳು ಒಂದೇ ಅಡುಗೆಮನೆಗೆ ಬಂದಾಗ ಈ ವಿವರಣೆ ನೇರವಾಗಿ ಅನ್ವಯಿಸುತ್ತದೆ. ಇಬ್ಬರಿಗೂ ತಮ್ಮ ಮನೆಯ ಕ್ರಮವೇ ‘ಸರಿಯಾದ’ ಕ್ರಮ, ಏಕೆಂದರೆ ಇಬ್ಬರೂ ಅದನ್ನು ಕಾರಣ ಕೇಳದ ವಯಸ್ಸಿನಲ್ಲಿ ಕಲಿತವರು. ಮಧ್ಯಾಹ್ನ ಉಣ್ಣಬೇಕೋ ರಾತ್ರಿಯೋ, ಸಿಹಿ ಮೊದಲೋ ಕೊನೆಗೋ ಎಂಬ ವಾದ ಅಡುಗೆಯ ವಾದದಂತೆ ಕಂಡರೂ ಒಳಗೆ ‘ನನ್ನವರಿಗೆ ಇಲ್ಲಿ ಜಾಗವಿದೆಯೇ’ ಎಂಬ ಪ್ರಶ್ನೆಯಿರುತ್ತದೆ. ವೋಲಿನ್ ಮತ್ತು ಬೆನೆಟ್ ತಮ್ಮ ನಂತರದ ಕೆಲಸದಲ್ಲಿ, ಯಾವ ಆಚರಣೆಯನ್ನು ಯಾರ ಮನೆಯಿಂದ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ದಂಪತಿ ಮೊದಲೇ ಯೋಚಿಸಿ ತೀರ್ಮಾನಿಸುವುದಕ್ಕೆ ತುಂಬ ಮಹತ್ವ ಕೊಟ್ಟಿದ್ದಾರೆ. ತಂತಾನೆ ಹೊಂದಿಕೊಳ್ಳಲಿ ಎಂದು ಬಿಟ್ಟರೆ ಗಟ್ಟಿದನಿಯವರ ಮನೆಯ ಕ್ರಮವೇ ನಿಲ್ಲುತ್ತದೆ. ಹಬ್ಬದ ಮುನ್ನಾದಿನ ಒಲೆಯ ಮುಂದೆ ನಿಂತು ಈ ಮಾತು ತೆಗೆಯುವುದಕ್ಕಿಂತ, ಹಬ್ಬ ಇನ್ನೂ ದೂರವಿರುವಾಗ ಇಬ್ಬರೂ ಕೂತು ‘ಯಾವುದೊಂದು ಇಲ್ಲದಿದ್ದರೆ ನಿನಗೆ ಹಬ್ಬವೇ ಅಲ್ಲವೆನಿಸುತ್ತದೆ’ ಎಂದು ಪರಸ್ಪರ ಕೇಳಿಕೊಳ್ಳುವುದು ಒಳ್ಳೆಯದು. ಉತ್ತರ ಬಹಳ ಸಲ ಅಡುಗೆಯಾಗಿರುವುದಿಲ್ಲ. ಊಟಕ್ಕೆ ಮೊದಲು ಎಲ್ಲರೂ ಬಂದು ಕೂರುವವರೆಗೆ ಯಾರೂ ತುತ್ತೆತ್ತದೆ ಕಾಯುವುದು ಎಂಬಂತಹ, ಹಣವಾಗಲಿ ಶ್ರಮವಾಗಲಿ ಬೇಡದ ವಿವರವೊಂದು ಹೊರಬರುತ್ತದೆ.

ಸಾವು ಕಂಡ ಮನೆಯ ಮೊದಲ ಹಬ್ಬ ಎಲ್ಲಕ್ಕಿಂತ ಕಷ್ಟದ್ದು. ಹೋದವರ ಜಾಗ ಖಾಲಿ ಬಿಡುವುದೋ, ಅಲ್ಲಿ ಬೇರೊಬ್ಬರು ಕೂರುವುದೋ, ಅವರು ಮಾಡುತ್ತಿದ್ದ ಅಡುಗೆಯನ್ನು ಮಾಡುವುದೋ ಬಿಡುವುದೋ ಎಂಬುದನ್ನು ಬಾಯಿಬಿಟ್ಟು ಕೇಳಲು ಯಾರಿಗೂ ಧೈರ್ಯವಿರುವುದಿಲ್ಲ. ಮೈಕಲ್ ನಾರ್ಟನ್ ಮತ್ತು ಫ್ರಾನ್ಸೆಸ್ಕಾ ಜಿನೋ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಅಗಲಿಕೆಯ ನಂತರ ಜನರು ಮಾಡಿಕೊಳ್ಳುವ ಆಚರಣೆಗಳಲ್ಲಿ ಹೆಚ್ಚಿನವು ಸಾರ್ವಜನಿಕ ವಿಧಿಗಳಲ್ಲ, ತೀರಾ ಖಾಸಗಿಯಾದ ಸಣ್ಣ ಕ್ರಿಯೆಗಳು; ಕೈತಪ್ಪಿದ ಬದುಕಿನ ಮೇಲೆ ಸ್ವಲ್ಪ ಹಿಡಿತ ಮರಳಿದಂತೆ ಅನ್ನಿಸುವುದರಿಂದ ಅವು ದುಃಖವನ್ನು ತುಸು ತಗ್ಗಿಸುತ್ತವೆ. ಹೋದವರ ಸೌಟನ್ನೇ ಬಳಸುವುದು, ಅವರ ಪಾಲಿನಷ್ಟನ್ನು ನೆರೆಯವರಿಗೆ ಕೊಟ್ಟುಬರುವುದು ಇಂತಹ ಕ್ರಿಯೆಗಳು. ಅವುಗಳಿಗೆ ಎಲ್ಲರ ಒಪ್ಪಿಗೆ ಬೇಕಾಗಿಲ್ಲ.

ಕೈಯಳತೆಯನ್ನು ಬರೆದಿಡುವುದು

ನನ್ನ ತಾಯಿಯ ಅಡುಗೆಯ ನೋಟ್‌ಬುಕ್ಕು ನನ್ನ ಬಳಿ ಇದೆ. ಎಣ್ಣೆ ಕುಡಿದು ಪಾರದರ್ಶಕವಾದ ಹಾಳೆಗಳು, ಅಂಚಿನಲ್ಲಿ ಹಳದಿ ಬೆರಳಚ್ಚು, ನೀಲಿ ಶಾಯಿಯಲ್ಲಿ ಬರೆದು ಆಮೇಲೆ ಪೆನ್ಸಿಲಿನಲ್ಲಿ ತಿದ್ದಿದ ಅಳತೆಗಳು. ಹಬ್ಬದ ಅಡುಗೆಯ ಪುಟದಲ್ಲಿ ಸಾಮಗ್ರಿಗಳ ಹೆಸರೆಲ್ಲ ಇವೆ, ಆದರೆ ಮುಖ್ಯವಾದ ಮೂರು ಕಡೆ ‘ಬೇಕಾದಷ್ಟು’, ‘ಹದ ಬರುವ ತನಕ’, ‘ಸ್ವಲ್ಪ’ ಎಂದಿದೆ. ಇದು ಅಜಾಗರೂಕತೆಯಲ್ಲ. ಬರೆಯುವಾಗ ಅವರಿಗೆ ಅದಕ್ಕಿಂತ ನಿಖರವಾದ ಮಾತು ಬೇಕಿರಲಿಲ್ಲ, ಏಕೆಂದರೆ ಅಳತೆ ಅವರ ಅಂಗೈಯಲ್ಲಿತ್ತು, ಹದ ಅವರ ಕಿವಿಯಲ್ಲಿತ್ತು. ಕುದಿಯುವ ಸದ್ದು ಬದಲಾದ ಕ್ಷಣಕ್ಕೆ ಅವರು ಮಾತು ನಿಲ್ಲಿಸಿ ಒಲೆಯ ಕಡೆ ತಿರುಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ಸದ್ದು ಹೇಗಿತ್ತು ಎಂಬುದು ಮಾತ್ರ ನೆನಪಿಲ್ಲ. ಮಾಡಿ ಮಾಡಿ ಬಂದ ಇಂತಹ ತಿಳಿವನ್ನು ಕೇಳಿ ಪಡೆಯುವುದು ಕಷ್ಟ, ಏಕೆಂದರೆ ಬಲ್ಲವರಿಗೂ ಅದನ್ನು ಹೇಳಲು ಬರುವುದಿಲ್ಲ.

ಆದ್ದರಿಂದ ಹಿರಿಯರು ಇರುವಾಗಲೇ ಮಾಡಬೇಕಾದ ಕೆಲಸ ‘ಹೇಗೆ ಮಾಡುತ್ತೀರಿ’ ಎಂದು ಕೇಳುವುದಲ್ಲ, ಅವರು ಮಾಡುವಾಗ ಪಕ್ಕದಲ್ಲಿ ನಿಂತು ಅಳೆಯುವುದು. ಪ್ರತಿ ಡಬ್ಬಿಯನ್ನೂ ಅಡುಗೆಗೆ ಮೊದಲು ತೂಕ ಮಾಡಿ ಬರೆದುಕೊಳ್ಳಬೇಕು, ಅವರು ತಮ್ಮ ರೂಢಿಯಂತೆ ಹಿಡಿಯಿಂದಲೋ ಚಿಟಿಕೆಯಿಂದಲೋ ಹಾಕಲಿ, ಮುಗಿದ ಮೇಲೆ ಮತ್ತೆ ತೂಕ ಮಾಡಿ ಕಳೆದರೆ ಅವರ ‘ಸ್ವಲ್ಪ’ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. ನಡುವೆ ತಡೆದು ‘ನಿಲ್ಲಿ, ಅಳೆಯುತ್ತೇನೆ’ ಎಂದರೆ ಕೈಯ ಲಯ ತಪ್ಪಿ ಅಳತೆಯೂ ತಪ್ಪುತ್ತದೆ. ಪಾತ್ರೆಯ ಗಾತ್ರ, ಉರಿಯ ಮಟ್ಟ, ಪ್ರತಿ ಹಂತದ ಗಡಿಯಾರದ ಸಮಯ ಇವನ್ನೂ ಗುರುತಿಸಿಕೊಳ್ಳಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡುವುದಾದರೆ ಮುಖಕ್ಕಿಂತ ಕೈಯನ್ನೂ ಪಾತ್ರೆಯ ಒಳಭಾಗವನ್ನೂ ಹಿಡಿಯಬೇಕು, ಸದ್ದು ಚೆನ್ನಾಗಿ ಕೇಳುವಂತೆ ಹತ್ತಿರ ಇಡಬೇಕು. ಒಂದೇ ಅಡುಗೆಯನ್ನು ಎರಡು ಸಲ ಹೀಗೆ ಅಳೆದರೆ ಎರಡೂ ಸಲ ಬದಲಾಗದ ಅಳತೆ ಯಾವುದು, ಅವರು ಸಂದರ್ಭ ನೋಡಿ ಹೆಚ್ಚು ಕಡಿಮೆ ಮಾಡುವುದು ಯಾವುದು ಎಂಬುದು ಬೇರೆಯಾಗಿ ಕಾಣುತ್ತದೆ.

ಅದಾದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡಬೇಕು. ಬರೆದುಕೊಂಡ ಅಳತೆಯಂತೆ ಕಿರಿಯರು ಮಾಡಲಿ, ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ. ‘ಈಗ ಇಳಿಸು’, ‘ಇನ್ನೊಂದು ಕುದಿ ಬರಲಿ’, ‘ಉರಿ ಸಣ್ಣ ಮಾಡು’ ಎಂದು ಅವರು ಕೂತಲ್ಲಿಂದಲೇ ಹೇಳುವ ಒಂದೊಂದು ಮಾತನ್ನೂ, ಅದನ್ನು ಹೇಳಿದ ಕ್ಷಣದಲ್ಲಿ ಪಾತ್ರೆಯೊಳಗೆ ಏನು ಕಾಣುತ್ತಿತ್ತು ಎಂಬುದನ್ನೂ ಆ ಪುಟದ ಅಂಚಿನಲ್ಲಿ ಬರೆದುಕೊಳ್ಳಬೇಕು.